ಎಣ್ಣೆ ಮುಟ್ಟಿಸಬಾರದ ಹಿತ್ತಾಳೆ

ಮೊದಲು ವಂದನೆ. ಒಲೆಯಲ್ಲಿ ಅನ್ನವಾಗಿ, ಕುಲುಮೆಯಲ್ಲಿ ನೇಗಿಲ ಕುಡವಾಗಿ, ಹಣತೆಯಲ್ಲಿ ಕಣ್ಣಾಗಿ ನಮ್ಮನ್ನು ಸಲಹುವ ಅಗ್ನಿಗೆ ವಂದನೆ. ಕಾಣದಂತೆ ಸುಳಿದು ಆ ಅಗ್ನಿಯನ್ನು ಎಬ್ಬಿಸುವ ವಾಯುವಿಗೆ ವಂದನೆ. ಅಂಗೈಯ ಲಿಂಗಕ್ಕೆ, ಅಕ್ಷರ ತಿದ್ದಿಸಿದ ಗುರುಗಳಿಗೆ, ಹಸಿದಾಗ ಕರೆದು ಉಣಿಸಿದ ಮಠದ ಪಂಕ್ತಿಗೆ ವಂದನೆ. ಕೊನೆಯದಾಗಿ, ನಾಲ್ಕನೆಯ ಇಯತ್ತೆಯ ಆಚೆಗೆ ಓದದಿದ್ದರೂ ನನಗೆ ಗುರುವಾದ ಒಬ್ಬರಿಗೆ ವಂದನೆ. ಈ ಕೊನೆಯದನ್ನು ಅವರು ಇದ್ದಾಗಲೇ ಸಲ್ಲಿಸಬೇಕಾಗಿತ್ತು, ಸಲ್ಲಿಸಲಿಲ್ಲ. ಎಂಬತ್ತನ್ನು ಸಮೀಪಿಸಿದ ಈ ದೇಹಕ್ಕೆ ಈಗ ಲೇಖನಿಯೂ ಭಾರವೇ. ಆದರೂ ಬರೆಯದೆ ವಿಶ್ರಾಂತಿ ಇಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಸೀಮೆಯಲ್ಲಿ ಕಬ್ಬು ಸಾಗಿಸುವ ಟ್ರಾಲಿಗಳನ್ನು ಕಟ್ಟುವವರು ಹಿಂದಿನ ಹಲಗೆಯ ಮೇಲೆ ತಮ್ಮ ಹೆಸರನ್ನು ಕಬ್ಬಿಣದ ಅಕ್ಷರಗಳಲ್ಲಿ ಬೆಸೆದು, ಬಣ್ಣ ಬಳಿದು ಕಳಿಸುತ್ತಾರೆ. ಅವರು ಜೀವಮಾನದಲ್ಲಿ ಒಂದು ಟ್ರಾಲಿಗೂ ಹೆಸರು ಹಾಕಲಿಲ್ಲ. ಮುರಿದ ಟ್ರಾಲಿ ತಾನಾಗಿಯೇ ನನ್ನನ್ನು ಹುಡುಕಿಕೊಂಡು ಬರುತ್ತದೆ, ಮುರಿಯದ್ದಕ್ಕೆ ನನ್ನ ಹೆಸರಿನಿಂದ ಏನಾಗಬೇಕು ಎನ್ನುತ್ತಿದ್ದರು. ಎಲ್ಲರೂ ಅವರನ್ನು ಮಿಸ್ತ್ರಿ ಎಂದು ಕರೆಯುತ್ತಿದ್ದರು. ನಾನೂ ಅಷ್ಟಕ್ಕೇ ನಿಲ್ಲುತ್ತೇನೆ. ಘಟಪ್ರಭಾದ ರೈಲು ನಿಲ್ದಾಣದ ಹಿಂಬದಿಯ ತಗಡಿನ ಶೆಡ್ಡೊಂದರಲ್ಲಿ ನಲವತ್ತು ವರ್ಷ ಅವರು ಆಮ್ಲಜನಕ ಮತ್ತು ಅನಿಲದ ಜ್ವಾಲೆಯಿಂದ ಕಬ್ಬಿಣವನ್ನು ಕತ್ತರಿಸಿದರು, ಬೆಸೆದರು. ಕಳೆದ ಶ್ರಾವಣದಲ್ಲಿ ಲಿಂಗೈಕ್ಯರಾದರು.

ತೆಳ್ಳನೆಯ ಮೈ, ಅರ್ಧ ಮುಚ್ಚಿದಂತಿರುವ ಕಣ್ಣು, ಎಡಗಿವಿ ಪೂರ್ಣ ಕಿವುಡು. ಯಾರಾದರೂ ಎಡಕ್ಕೆ ಕುಳಿತು ಮಾತನಾಡಿದರೆ ಏನನ್ನೂ ಹೇಳದೆ ಎದ್ದು, ಬಲಗಿವಿ ಅವರ ಕಡೆಗಾಗುವಂತೆ ಇನ್ನೊಂದು ಬದಿಗೆ ಬಂದು ಕೂರುವರು. ಕಡುಬೇಸಿಗೆಯಲ್ಲೂ ಕೊರಳಿನ ತನಕ ಗುಂಡಿ ಹಾಕಿದ ಹತ್ತಿಯ ಅಂಗಿ. ಆಮ್ಲಜನಕದ ಕಪ್ಪು ಸಿಲಿಂಡರನ್ನು ಮುಟ್ಟುವ ಮೊದಲು ಸೋಪು ಹಚ್ಚಿ ಕೈ ತೊಳೆದು, ಗಾಳಿಗೆ ಹಿಡಿದು ಆರಿಸಿಕೊಳ್ಳುವರು. ಪೂಜೆಗೆ ಕೂರುವ ಮುನ್ನ ನಾನು ಅಷ್ಟು ನಿಷ್ಠೆಯಿಂದ ಕೈ ತೊಳೆದುಕೊಳ್ಳುತ್ತೇನೆಯೇ ಎಂದು ಒಮ್ಮೆ ನನ್ನನ್ನೇ ಕೇಳಿಕೊಂಡದ್ದುಂಟು. ಅವರಲ್ಲಿ ಒಂದು ಬಗೆಯ ದಣಿವು ಸದಾ ಇತ್ತು. ಅದು ದುಡಿಮೆಯ ದಣಿವಲ್ಲ. ಒಂದೇ ಮಾತನ್ನು ನಲವತ್ತು ವರ್ಷ ಹೇಳಿದವನ ದಣಿವು. “ಹೇಳೂದು ನನ್ನ ಕೆಲಸ, ಕೇಳೂದು ಅವರ ನಸೀಬ,” ಎಂದು ಮಾತನ್ನು ಮುಗಿಸುತ್ತಿದ್ದರು.

ನಾನು ಗೋಕಾಕದ ಪ್ರೌಢಶಾಲೆಯೊಂದರಲ್ಲಿ ಕನ್ನಡ, ಸಂಸ್ಕೃತ ಕಲಿಸಿ ನಿವೃತ್ತನಾದವನು. ಬಳಿಕ ಮೂಡಲಗಿಯಲ್ಲಿ ನೆಲೆಸಿ, ಊರ ಹೊರಗಿನ ಚಿಕ್ಕ ಮಠವೊಂದರ ಕಾರ್ಯದರ್ಶಿಯಾಗಿ ಸೇವೆಯಲ್ಲಿದ್ದೆ. ಆರು ವರ್ಷಗಳ ಹಿಂದೆ ಮಠದ ಸಮಿತಿಯು ಖಾಲಿ ಬಿದ್ದಿದ್ದ ದನದ ಕೊಟ್ಟಿಗೆಯನ್ನು ಶೆಡ್ಡಾಗಿ ಮಾಡಿ, ಸುತ್ತಲಿನ ದುಡಿಯುವ ಜನರಿಗೆ ಕಬ್ಬಿಣ ಕತ್ತರಿಸುವ, ಬೆಸೆಯುವ ವಿದ್ಯೆ ಕಲಿಸಬೇಕೆಂದು ನಿಶ್ಚಯಿಸಿತು. ಸಮಿತಿಯ ಅಧ್ಯಕ್ಷರು ಕೌಜಲಗಿಯ ಕಬ್ಬಿನ ಸಾವಕಾರರು. ಧಾರಾಳಿ, ಆದರೆ ತಡವನ್ನು ಸಹಿಸದ ಸ್ವಭಾವ. ಕಲಿಸುವವರನ್ನು ಹುಡುಕುವ ಹೊಣೆ ನನ್ನ ಮೇಲೆ ಬಿತ್ತು. ಘಟಪ್ರಭಾಕ್ಕೆ ಹೋಗಿ ಮಿಸ್ತ್ರಿಯನ್ನು ಕೇಳಿದೆ.

ಅವರು ಕೈಲಿದ್ದ ಕೆಲಸವನ್ನು ಬದಿಗಿಟ್ಟರು. ಆಮೇಲೆ ಹೇಳಿದರು: “ನಾಲ್ಕ ಮಂದಿಗೆ ಪೂರ್ತಿ ಕಲಿಸಿ ಸಾಯಬೇಕ್ರಿ ಮಾಸ್ತರ. ನನ್ನ ಹತ್ರ ಬಂದವರೆಲ್ಲ ಅರ್ಧಾ ಕಲತು ಹೋದ್ರು. ಬೆಂಕಿ ಹಚ್ಚೂದು ಕಲತ್ರು, ಆರಸೂದು ಕಲೀಲಿಲ್ಲ. ಅಂಥವರನ್ನ ಊರ ತುಂಬ ಬಿಟ್ಟೇನಿ. ಅದೊಂದ ಅಂಜಿಕಿ ನನಗ.”

ಅವರ ಹೆಣ್ಣುಮಕ್ಕಳಿಬ್ಬರೂ ಗಂಡನ ಮನೆ ಸೇರಿದ್ದರು. ಮಿಸ್ತ್ರಿಗೆ ಬೇರೆ ಆಸೆಯೆಂಬುದು ನನಗೆ ಕಾಣಲಿಲ್ಲ. ಮಠದ ಆ ಶೆಡ್ಡು ಅವರ ಕೊನೆಯ ಆಸೆಯಾಗಿತ್ತು. ಇದನ್ನು ನಾನು ಆ ದಿನವೇ ಅರಿತಿದ್ದೆ. ಅರಿಯದೆ ಮಾಡಿದೆನೆಂದು ಹೇಳಿಕೊಳ್ಳುವ ಸೌಕರ್ಯ ನನಗಿಲ್ಲ.

ಕೊಟ್ಟಿಗೆಯನ್ನು ನೋಡಲು ಬಂದ ದಿನ ಅವರು ಛಾವಣಿ ನೋಡಲಿಲ್ಲ, ಗೋಡೆ ನೋಡಲಿಲ್ಲ. ಒಂದು ತಂಬಿಗೆ ನೀರು ಕೇಳಿದರು. ಕುಡಿಯಲೆಂದು ಭಾವಿಸಿ ತಂದುಕೊಟ್ಟೆ. ಅದನ್ನು ನೆಲದ ನಡುವೆ ಸುರಿದು, ಮೊಣಕಾಲೂರಿ ಕುಳಿತು, ನೀರು ಹೋಗುವ ದಾರಿಯನ್ನೇ ನೋಡತೊಡಗಿದರು. ಹಳೆಯ ಕೊಟ್ಟಿಗೆಯಲ್ಲವೇ, ನೀರು ಸಾವಕಾಶವಾಗಿ ಮೂಲೆಯ ಗಂಜಲದ ಗುಂಡಿಗೆ ಹೋಗಿ ನಿಂತಿತು. ಅಷ್ಟು ಹೊತ್ತೂ ಅಧ್ಯಕ್ಷರು, ದಾಸೋಹದ ಅಡುಗೆಗೆ ಬರುವ ಗ್ಯಾಸನ್ನೇ ಇಲ್ಲಿಗೂ ಹಚ್ಚಿದರಾಯಿತು, ಉರಿಯುವುದು ಯಾವುದಾದರೇನು ಎಂದು ಹೇಳುತ್ತಿದ್ದರು.

“ಅಡಗಿ ಗ್ಯಾಸ್ ಕೆಟ್ಟದ್ದಲ್ರಿ ಸಾವಕಾರ್ರ,” ಎಂದರು ಮಿಸ್ತ್ರಿ, ನೀರಿನಿಂದ ಕಣ್ಣು ತೆಗೆಯದೆ. “ಕತ್ತರಸಾಕ ಭೇಷ್ ಐತಿ. ಆದ್ರ ಅದು ಗಾಳಿಗಿಂತ ವಜ್ಜಿ. ಸೋರಿದ್ರ ಈ ನೀರು ಹೋದಲ್ಲೇ ಹೋಗಿ ಕುಂದ್ರತೈತಿ. ಗುಂಡ್ಯಾಗ ಕುಂತದ್ದು ನಮಗ ಕಾಣೂದಿಲ್ಲ. ಕಿಡಿಗೆ ಕಾಣ್ತೈತಿ.”

ಅಧ್ಯಕ್ಷರು ನಕ್ಕು, ಒಂದು ತಂಬಿಗೆ ನೀರಿನಲ್ಲಿ ತಮ್ಮ ದಾಸೋಹದ ಗ್ಯಾಸನ್ನೆಲ್ಲ ತೇಲಿಸಿ ಕಳಿಸಿಬಿಟ್ಟಿರಲ್ಲ ಎಂದರು.

ಮಿಸ್ತ್ರಿ ಆರಿಸಿದ್ದು ಅಸಿಟಿಲಿನ್ ಅನಿಲವನ್ನು. ಅದು ಗಾಳಿಗಿಂತ ಹಗುರ. ಸೋರಿದರೂ ಮೇಲಕ್ಕೇರಿ, ಎತ್ತರದ ಕಿಟಕಿಗಳಿಂದ ಹೊರಗೆ ಹೋಗುತ್ತದೆ. ಇಲ್ಲಿ ಕತ್ತರಿಸುವುದಷ್ಟೇ ಅಲ್ಲ, ಬೆಸೆಯುವುದನ್ನೂ ಕಲಿಸಬೇಕು. ಅಡುಗೆ ಅನಿಲದ ಜ್ವಾಲೆ ಉಕ್ಕನ್ನು ಬೆಸೆಯುವುದಕ್ಕೆ ತಕ್ಕದ್ದಲ್ಲ. ಹಾಗೆಂದು ಅಸಿಟಿಲಿನ್ ಸಾಧುವೆಂದು ಅವರು ಹೇಳಲಿಲ್ಲ. ಅದರ ಸಿಲಿಂಡರನ್ನು ಎಂದೂ ಮಲಗಿಸಬಾರದು, ಅದನ್ನು ತಾಮ್ರದ ಕೊಳವೆಯಲ್ಲಿ ಹಾಯಿಸಬಾರದು, ಒತ್ತಡ ತೋರಿಸುವ ಗಡಿಯಾರದ ಮುಳ್ಳು ಕೆಂಪು ಗೆರೆ ದಾಟುವಷ್ಟು ಒತ್ತಡ ಕೊಟ್ಟರೆ ಅದು ಬೆಂಕಿಗೂ ಕಾಯದೆ ತಾನೇ ಸಿಡಿಯುತ್ತದೆ. ಒಂದಕ್ಕೆ ತಗ್ಗಿನ ಭಯ, ಇನ್ನೊಂದಕ್ಕೆ ಒತ್ತಡದ ಭಯ. ಯಾವುದರ ಸ್ವಭಾವ ಏನೆಂದು ತಿಳಿದು ಮನೆಗೆ ಕರೆಯಬೇಕು ಎಂಬುದು ಅವರ ಮಾತು. ಅಸಿಟಿಲಿನ್ ಆರಿಸಿದ ಮೇಲೆಯೂ ಗುಂಡಿಯನ್ನು ಕಲ್ಲು ಮಣ್ಣು ಹಾಕಿ ಮುಚ್ಚಿಸಿದರು. ನಾಳೆ ಯಾರೋ ಅಡುಗೆ ಸಿಲಿಂಡರು ತಂದೇ ತರುತ್ತಾರೆ, ನಾನು ಆಗ ಇಲ್ಲಿರುವುದಿಲ್ಲ ಎಂದರು.

ಸಲಕರಣೆ ಕೊಳ್ಳಲು ಹುಕ್ಕೇರಿಗೆ ಹೋದೆವು. ಮೂಡಲಗಿಯಿಂದ ನಾನು, ಘಟಪ್ರಭಾದಲ್ಲಿ ಬಸ್ಸು ಹತ್ತಿದ ಅವರು. ಅಂಗಡಿಯಲ್ಲಿ ಅವರು ರಬ್ಬರ್ ಪೈಪುಗಳನ್ನು ಗೇಣುಗೇಣಾಗಿ ಬಾಗಿಸಿ ಸೀಳು ಹುಡುಕಿದರು, ಮೂಸಿದರು, ಮೇಲೆ ಅಚ್ಚಾದ ಅಕ್ಷರಗಳನ್ನು ನನ್ನ ಕನ್ನಡಕದ ಮುಂದೆ ಹಿಡಿದು ಓದಿಸಿದರು. ಆಮ್ಲಜನಕಕ್ಕೆ ನೀಲಿ, ಅಸಿಟಿಲಿನ್‌ಗೆ ಕೆಂಪು. ಅಂಗಡಿಯವರು ದಾಸ್ತಾನಿನಲ್ಲಿದ್ದ ಕಿತ್ತಳೆ ಬಣ್ಣದ್ದನ್ನು ತೋರಿಸಿ ಎಲ್ಲವೂ ರಬ್ಬರೇ ಎಂದಾಗ, ಅದು ಅಡುಗೆ ಅನಿಲದ್ದೆಂದೂ, ಒಂದು ಅನಿಲಕ್ಕೆ ಮಾಡಿದ ಪೈಪನ್ನು ಇನ್ನೊಂದು ಒಳಗಿನಿಂದ ತಿನ್ನುತ್ತದೆಂದೂ ಹೇಳಿ ಹಿಂದಕ್ಕೆ ತಳ್ಳಿದರು. ಜ್ವಾಲೆ ಹೊರಡುವ ಮೂತಿಯೂ ಹಾಗೆಯೇ. ಅಸಿಟಿಲಿನ್‌ನದು ಒಂದೇ ತುಂಡು, ಅಡುಗೆ ಅನಿಲದ್ದು ಒಂದರೊಳಗೊಂದು ಕೂರುವ ಎರಡು ತುಂಡು. ಅದಲು ಬದಲು ಆಗಬಾರದು.

ಅಂಗಡಿಯವರಿಗೆ ಬೇಸರ ಬಂದಿತು. “ಏನ್ರಿ ಮಿಸ್ತ್ರಿ, ಕನ್ಯಾ ನೋಡಾಕ ಬಂದಂಗ ಪೈಪ್ ನೋಡಾಕತ್ತೀರಲ್ಲ.”

“ಕನ್ಯಾ ಇಷ್ಟ ನೋಡಿದ್ದಿಲ್ರಿ. ಆಕಿ ಸಿಟ್ಟು ಬಂದ್ರ ಮೊದಲ ಬೈತಾಳ. ಇದು ಬೈಯೂದಿಲ್ಲ.”

ಜ್ವಾಲೆ ಹಿಮ್ಮುಖವಾಗಿ ಪೈಪಿನೊಳಗೆ ಓಡಿದರೆ ಅದನ್ನು ತಡೆಯುವ ಚಿಕ್ಕ ಹಿತ್ತಾಳೆಯ ಸಾಧನವೊಂದಿದೆ. ಅದನ್ನು ಈ ಕಡೆ ಯಾರೂ ಕೇಳುವುದಿಲ್ಲ, ತರಿಸಬೇಕಾದೀತು ಎಂದರು ಅಂಗಡಿಯವರು. ತರಿಸಿರಿ ಎಂದು ಮಿಸ್ತ್ರಿ ಬೆಂಚಿನ ಮೇಲೆ ಕುಳಿತುಬಿಟ್ಟರು, ಅದು ಅಂದೇ ಬರುತ್ತದೆಂಬಂತೆ. ಅದಕ್ಕಾಗಿ ಇನ್ನೊಮ್ಮೆ ಹೋಗಬೇಕಾಯಿತು. ಹಿಂತಿರುಗುವ ಬಸ್ಸಿನಲ್ಲಿ ತಮ್ಮ ಎಡಗಿವಿಯ ಸಂಗತಿ ಹೇಳಿದರು. ಹರೆಯದಲ್ಲಿ, ಕಾರ್ಬೈಡ್ ಕಲ್ಲನ್ನು ನೀರಿಗೆ ಹಾಕಿ ಡ್ರಮ್ಮಿನಲ್ಲಿಯೇ ಅನಿಲ ಮಾಡಿಕೊಳ್ಳುತ್ತಿದ್ದ ಕಾಲದಲ್ಲಿ, ಬೆಂಕಿ ಹಿಂದಕ್ಕೆ ಓಡಿತು. ಅಂದು ಡ್ರಮ್ಮಿನ ಬಳಿ ಅವರೂ ಒಬ್ಬ ಜೊತೆಗಾರನೂ ಇದ್ದರು. ಅವರಿಗೆ ಕಿವಿ ಹೋಯಿತು. ಜೊತೆಗಾರನಿಗೆ ಏನಾಯಿತೆಂದು ನಾನು ಕೇಳಿದೆ. ಅವರು ಕಿಟಕಿಯ ಹೊರಗೆ ನೋಡಿದರು. ಬೇರೆ ವಿಷಯವೆಂಬಂತೆ, ಆಮ್ಲಜನಕಕ್ಕೆ ಎಣ್ಣೆ ಆಗದು ಎಂದರು. ಆಮ್ಲಜನಕ ತಾನು ಉರಿಯುವುದಿಲ್ಲ; ಆದರೆ ಒತ್ತಡದಲ್ಲಿ ಅದು ಎಣ್ಣೆಯನ್ನು ಮುಟ್ಟಿದರೆ ಕಡ್ಡಿ ಗೀರುವವರೇ ಬೇಕಿಲ್ಲ. ನಾನು ತಲೆದೂಗಿದೆ.

ತಲೆದೂಗಿದ್ದಷ್ಟೇ ಅಲ್ಲ, ಬರೆದೂ ಇಟ್ಟೆ. ಶೆಡ್ಡಿನ ಗೋಡೆಗೆ ನಿಯಮಗಳ ಫಲಕ ಬೇಕೆಂದಾಗ ಆ ಸೇವೆಯನ್ನು ನಾನೇ ವಹಿಸಿಕೊಂಡೆ. ಮೂರನೆಯ ನಿಯಮ ಹೀಗಿತ್ತು: “ಆಮ್ಲಜನಕದ ಉಪಕರಣಗಳಿಗೆ ಸ್ನಿಗ್ಧ ದ್ರವ್ಯಗಳ ಸ್ಪರ್ಶವು ಸರ್ವಥಾ ವರ್ಜ್ಯ.” ಮಿಸ್ತ್ರಿ ಫಲಕದ ಮುಂದೆ ನಿಂತು ನನ್ನಿಂದ ಎಲ್ಲವನ್ನೂ ಓದಿಸಿ ಕೇಳಿ, “ಛಲೋ ಐತ್ರಿ. ಮಂತ್ರ ಕೇಳಿದಂಗ ಆತು,” ಎಂದರು. ಅದನ್ನು ನಾನು ಪ್ರಶಂಸೆಯೆಂದೇ ತಿಳಿದೆ.

ದಸರೆಯ ದಿನ ಬೆಳಿಗ್ಗೆ ಉದ್ಘಾಟನೆ ಎಂದು ಗೊತ್ತಾಯಿತು. ಹಿಂದಿನ ದಿನ ಖಂಡೇಪೂಜೆ. ನಮ್ಮ ಮನೆಗಳಲ್ಲಿ ಅಂದು ಕುಡಗೋಲು, ಕೊಡಲಿ, ಕುಡಗಳನ್ನೆಲ್ಲ ತೊಳೆದು, ಎಣ್ಣೆ ಸವರಿ, ವಿಭೂತಿ ಕುಂಕುಮ ಇಟ್ಟು ಪೂಜಿಸುತ್ತೇವೆ. ಎಣ್ಣೆ ಕಾಣದ ಕಬ್ಬಿಣ ಅಂದು ಅನಾಥವಾದಂತೆ. ಮಿಸ್ತ್ರಿ ಸಲಕರಣೆಗಳನ್ನೆಲ್ಲ ಹಲಗೆಯ ಮೇಲೆ ಸಾಲಾಗಿ ಇಟ್ಟು, ಆಮ್ಲಜನಕದ ಒತ್ತಡವನ್ನು ತಗ್ಗಿಸಿ ಬಿಡುವ ರೆಗ್ಯುಲೇಟರನ್ನು ಅದರ ಡಬ್ಬಿಯಲ್ಲೇ ಬಿಟ್ಟು, ತಮ್ಮ ಶೆಡ್ಡಿನ ಪೂಜೆಗೆಂದು ಘಟಪ್ರಭಾಕ್ಕೆ ಹೋಗಿದ್ದರು. ಸಂಜೆ ನಾನೊಬ್ಬನೇ ಬೆಳ್ಳಿಯ ಬಟ್ಟಲಿನಲ್ಲಿ ಕುಸುಬೆ ಎಣ್ಣೆ ಹಿಡಿದು ಶೆಡ್ಡಿಗೆ ಬಂದೆ.

ಸುತ್ತಿಗೆಗೆ ಸವರಿದೆ, ಇಕ್ಕಳಕ್ಕೆ ಸವರಿದೆ. ಡಬ್ಬಿಯೊಳಗೆ ಮುಚ್ಚಿಟ್ಟ ಆಯುಧಕ್ಕೆ ಪೂಜೆ ಸಲ್ಲುವುದೆಂತು ಎಂದುಕೊಂಡು ರೆಗ್ಯುಲೇಟರನ್ನು ಹೊರತೆಗೆದೆ. ಹೊಸ ಹಿತ್ತಾಳೆ, ಆರತಿಯ ತಟ್ಟೆಯಂತೆ ಹೊಳೆಯುತ್ತಿತ್ತು. ಕೈ ತಾನಾಗಿಯೇ ಹೋಯಿತು. ಅದರ ತಿರುಪಿನ ಎಳೆಗಳಿಗೆ ಬೆರಳಾಡಿಸಿ ಎಣ್ಣೆ ಹಚ್ಚಿದೆ. ಕಪ್ಪು ಸಿಲಿಂಡರಿನ ಬಾಯಿಗೂ ಹಚ್ಚಿ ಕುಂಕುಮವಿಟ್ಟೆ. ನಾನೇ ಬರೆದ ಫಲಕ ಎದುರಿಗೇ ಇತ್ತು. ಆಗ ನನ್ನ ಮನಸ್ಸಿನಲ್ಲಿ ಬಟ್ಟಲಿನಲ್ಲಿದ್ದುದು ಎಣ್ಣೆಯೇ ಆಗಿರಲಿಲ್ಲ, ಪೂಜಾದ್ರವ್ಯವಾಗಿತ್ತು. ಜೀವಮಾನವೆಲ್ಲ ಶಬ್ದಗಳಿಗೆ ಅರ್ಥ ಹೇಳಿದವನು ತಾನು ಬರೆದ ಒಂದು ವಾಕ್ಯದ ಅರ್ಥವನ್ನು ಅರಿಯಲಿಲ್ಲ.

ಬೆಳಿಗ್ಗೆ ಜನ ಸೇರಿತು. ನಾವು ಅಜ್ಜಾರು ಎಂದು ಕರೆಯುವ ಮಠದ ಹಿರಿಯ ಸ್ವಾಮಿಗಳು ಕುರ್ಚಿಯಲ್ಲಿ ಕುಳಿತಿದ್ದರು. ಮಿಸ್ತ್ರಿ ಎಲ್ಲವನ್ನೂ ಜೋಡಿಸಿದ ಮೇಲೆ ಅಧ್ಯಕ್ಷರು ತಮ್ಮ ಕೈಯಿಂದ ಸಿಲಿಂಡರಿನ ಚಾವಿ ತಿರುಗಿಸುವುದೆಂದು ಮಾತಾಗಿತ್ತು. ಮಿಸ್ತ್ರಿ ಕೈ ತೊಳೆದು, ಆರಿಸಿಕೊಂಡು ಬಂದರು. ಡಬ್ಬಿ ಖಾಲಿ. ಹೂವುಗಳ ನಡುವೆ ರೆಗ್ಯುಲೇಟರು. ಅದನ್ನು ಎತ್ತಿ ಬೆಳಕಿಗೆ ಹಿಡಿದರು, ಮೂಗಿನ ಹತ್ತಿರ ತಂದರು. ಬಳಿಕ ಬಾಗಿ ಸಿಲಿಂಡರಿನ ಬಾಯಿಯನ್ನೂ ಮೂಸಿದರು.

“ಇದಕ್ಕ ಯಾರು ಪೂಜಿ ಮಾಡಿದ್ರಿ?” ಮೆಲ್ಲನೆ ಕೇಳಿದರು.

ಯಾರಿಗೂ ಗೊತ್ತಿರಲಿಲ್ಲ. ನಾನು ಎಂಬ ಎರಡಕ್ಷರ ಸಾಕಾಗಿತ್ತು. ಎದುರಿಗೆ ಅಜ್ಜಾರು, ಸುತ್ತ ನನ್ನ ಕಾಲು ಮುಟ್ಟಿ ನಮಸ್ಕರಿಸಿದ ಜನ. ಸಾವಿರ ಶ್ಲೋಕ ತಡವರಿಸದೆ ಹೇಳಿದ ನಾಲಗೆ ಆ ಎರಡಕ್ಷರಕ್ಕೆ ಏಳಲಿಲ್ಲ. ನನ್ನ ಬಲಗೈ ಮಾತ್ರ ತಾನಾಗಿ ಶಲ್ಯದ ಒಳಗೆ ಸರಿಯಿತು. ಮಿಸ್ತ್ರಿ ಅದನ್ನು ನೋಡಿದರು. ಕೂಡಲೇ ದೃಷ್ಟಿಯನ್ನು ಬೇರೆಡೆಗೆ ತಿರುಗಿಸಿಕೊಂಡರು.

ಅಧ್ಯಕ್ಷರು ಮುಹೂರ್ತ ಮೀರುತ್ತಿದೆಯೆಂದರು. “ಹನಿ ಎಣ್ಣಿಗೆ ಇಷ್ಟ್ಯಾಕ್ರಿ? ಅರಬೀಲೆ ಒರಸ್ರಿ, ಹಚ್ರಿ.”

“ಎಳ್ಯಾಗ ಇಳದೈತ್ರಿ, ಒರಸಿದ್ರ ಹೋಗೂದಿಲ್ಲ. ಚಾವಿ ತಿರುವಿದ ಕೂಡ್ಲೇ ಹತ್ತಿ ಸಿಡೀತೈತಿ. ತಿರುವೂ ಕೈ ನಿಮ್ದು ಸಾವಕಾರ್ರ. ಇವತ್ತ ನಾ ಬೆಂಕಿ ಹಚ್ಚೂದಿಲ್ಲ.”

“ಮತ್ತ ತಪ್ಪು ಯಾರದಿದು?”

“ನಂದ ರಿ. ಡಬ್ಬಿಗೆ ಕೀಲಿ ಹಾಕಿ ಹೋಗಬೇಕಿತ್ತು. ಹಾಕಲಿಲ್ಲ.”

ಅಜ್ಜಾರ ಮುಂದೆ, ಕರೆಸಿದ ಜನರ ಮುಂದೆ ಅಧ್ಯಕ್ಷರ ಮುಖ ಕಳೆಗುಂದಿತು. ತನ್ನ ಸಲಕರಣೆಯನ್ನೇ ಕಾಯಲಾರದವನು ಮಂದಿಗೆ ಏನು ಕಲಿಸಿಯಾನು ಎಂದರು. ಅಜ್ಜಾರು ಆರತಿ ಮಾಡಿ ಎದ್ದರು. ಜನ ಪ್ರಸಾದ ಮುಗಿಸಿ ಹೋದರು. ಮಿಸ್ತ್ರಿ ರೆಗ್ಯುಲೇಟರನ್ನು ಕಾಗದದಲ್ಲಿ ಸುತ್ತಿ, ಸಿಲಿಂಡರನ್ನು ಏಜೆನ್ಸಿಗೆ ಮರಳಿಸಬೇಕೆಂದೂ, ಬಾಯಿಗೆ ಎಣ್ಣೆ ತಗುಲಿದ್ದನ್ನು ಅವರಿಗೆ ತಪ್ಪದೆ ಹೇಳಬೇಕೆಂದೂ ನನಗೆ ತಿಳಿಸಿ ಬಸ್ಸಿಗೆ ಹೋದರು. ಎಂಟು ದಿನಗಳ ಬಳಿಕ ಸಮಿತಿಯು ಗೋಕಾಕದ ಬೇರೊಬ್ಬ ಮಿಸ್ತ್ರಿಯನ್ನು ಗೊತ್ತುಮಾಡಿತು. ತಮ್ಮ ಸೇವೆ ಇನ್ನು ಅಗತ್ಯವಿಲ್ಲವೆಂದು ಘಟಪ್ರಭಾದ ಮಿಸ್ತ್ರಿಗೆ ಪತ್ರವನ್ನು ಕಾರ್ಯದರ್ಶಿಯಾದ ನಾನೇ ಬರೆಯಬೇಕಾಯಿತು. ಬರೆದೆ. ಭಾಷೆಯಲ್ಲಿ ಒಂದು ದೋಷವೂ ಇರಲಿಲ್ಲ.

ಕಾರ್ತಿಕ ಮುಗಿದ ಮೇಲೆ ಘಟಪ್ರಭಾಕ್ಕೆ ಹೋದೆ. ಅವರು ಟ್ರಾಲಿಯ ಅಚ್ಚೊಂದನ್ನು ಕತ್ತರಿಸುತ್ತಿದ್ದರು. ಜ್ವಾಲೆ ಆರಿಸಿ, ಎರಡೂ ಸಿಲಿಂಡರುಗಳನ್ನು ಬಂದ್ ಮಾಡಿ, ಪೈಪಿನಲ್ಲಿ ಉಳಿದ ಅನಿಲವನ್ನು ಹೊರಬಿಟ್ಟ ಮೇಲೆಯೇ ಬಂದು ನನ್ನ ಎಡಬದಿಗೆ ಕುಳಿತರು. ನಾನು ಹೇಳಬೇಕಾದುದನ್ನು ಹೇಳಿದೆ.

“ಗೊತ್ತಿತ್ರಿ,” ಎಂದರು. “ನಿಮ್ಮ ಶಲ್ಯಕ್ಕ ಕುಸುಬಿ ಎಣ್ಣಿ ವಾಸನಿ ಇತ್ತು.”

ಹಾಗಾದರೆ ಯಾಕೆ ಸುಮ್ಮನಾದಿರಿ ಎಂದು ಕೇಳಿದೆ.

“ನನ್ನ ಮಾತು ಹೆಂಗೂ ಯಾರೂ ಕೇಳೂದಿಲ್ಲ. ನಿಮ್ಮದು ಕೇಳ್ತಾರ. ಬೋರ್ಡ್ ಬರದವರ ಎಣ್ಣಿ ಹಚ್ಚಿದ್ರು ಅಂತಾದ್ರ, ಆ ಬೋರ್ಡ್ ಯಾರ ಓದ್ತಾರ್ರಿ?” ಮತ್ತೆ ಹೇಳಿದರು: “ಪೂಜಿ ಎಣ್ಣೀನೂ ಎಣ್ಣೀನ ಅಂತ ಬರೀರಿ ಮಾಸ್ತರ. ಅದೊಂದ ಬರದಿಲ್ಲ ನೀವು.”

ಸಿಟ್ಟಿರಲಿಲ್ಲ. ಸಿಟ್ಟಾಗುವಷ್ಟು ಕಸುವೂ ಉಳಿದಿರಲಿಲ್ಲವೇನೋ. ಅಧ್ಯಕ್ಷರಿಗೆ ನಿಜ ಹೇಳಿ ನಿಮ್ಮನ್ನು ಮರಳಿ ಕರೆಸುತ್ತೇನೆ ಎಂದೆ. ಆಗಲಿ, ಹೇಳಿರಿ ಎಂದರು, ಚಹಾ ತರಿಸಿದರು.

ಫಲಕವನ್ನು ಅವರ ಮಾತಿನಲ್ಲೇ ತಿದ್ದಿ ಬರೆದೆ. ಅಧ್ಯಕ್ಷರಿಗೆ ಮಾತ್ರ ಹೇಳಲಿಲ್ಲ. ಸಂಕ್ರಾಂತಿ ಕಳೆಯಲಿ ಎಂದುಕೊಂಡೆ, ಯುಗಾದಿ ಕಳೆಯಲಿ ಎಂದುಕೊಂಡೆ. ಸತ್ಯ ಹೇಳುವುದಕ್ಕೆ ಪಂಚಾಂಗದಲ್ಲಿ ಒಳ್ಳೆಯ ದಿನ ಸಿಗಲೇ ಇಲ್ಲ. ಗೋಕಾಕದ ಮಿಸ್ತ್ರಿಯೂ ಎಚ್ಚರದ ಮನುಷ್ಯರೇ; ಶೆಡ್ಡು ನಡೆಯಿತು. ಹೀಗೆ ವರ್ಷಗಳು ಹೋದವು. ಘಟಪ್ರಭಾದ ಶೆಡ್ಡಿನ ಬಾಗಿಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ ತೆರೆಯತೊಡಗಿತು. ನಾಲ್ವರಿಗೆ ಪೂರ್ತಿ ಕಲಿಸಬೇಕೆಂದಿದ್ದ ಅವರು ಒಬ್ಬರಿಗೂ ಪೂರ್ತಿ ಕಲಿಸದೆ ಹೋದರು.

ಈ ಸಲದ ಖಂಡೇಪೂಜೆಯ ದಿನ ಶೆಡ್ಡಿನಲ್ಲಿ ಕಲಿಯುವವರು, ಅಧ್ಯಕ್ಷರು, ಅಜ್ಜಾರು ಎಲ್ಲರೂ ಕೂಡಿದ್ದಾಗ ನಾನು ಎದ್ದು ನಿಂತೆ. ಬಟ್ಟಲು ಹಿಡಿದದ್ದು ಯಾರು, ಕೈ ಮುಚ್ಚಿಕೊಂಡದ್ದು ಯಾರು, ಪತ್ರ ಬರೆದದ್ದು ಯಾರು ಎಂಬುದನ್ನು ಅಲಂಕಾರವಿಲ್ಲದೆ ಹೇಳಿದೆ. ಅಜ್ಜಾರು ಕಣ್ಣು ಮುಚ್ಚಿಕೊಂಡರು. ಅಧ್ಯಕ್ಷರು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತರು. ನಾನೂ ಹೋಗಿ ಸ್ವಲ್ಪ ದೂರದಲ್ಲಿ ಕುಳಿತೆ. ಅವರು ನನ್ನ ಕಡೆ ನೋಡದೆ ಹೇಳಿದರು:

“ಆವತ್ತ ಹೇಳಿದ್ರ, ನಾ ಅವರನ್ನ ಬಿಡ್ತಿದ್ದಿಲ್ರಿ ಮಾಸ್ತರ.”



ಹರಸುವ ವಯಸ್ಸು ನನಗೆ ಬಂದಿದೆ; ಹರಸುವ ಅರ್ಹತೆಯನ್ನು ದೈವವೇ ಅಳೆಯಲಿ. ಹುಕ್ಕೇರಿಯ ಅಂಗಡಿಯವರಿಗೆ ಒಳಿತಾಗಲಿ. ಈಗ ಜ್ವಾಲೆ ತಡೆಯುವ ಆ ಸಾಧನವನ್ನು ಗಿರಾಕಿ ಕೇಳುವ ಮೊದಲೇ ಅವರು ತೋರಿಸುತ್ತಾರಂತೆ. ಮನಸ್ಸಿನಲ್ಲಿ ಕಪಟವಿಲ್ಲದೆ ಸಿಟ್ಟಾದ ಅಧ್ಯಕ್ಷರಿಗೆ ನೆಮ್ಮದಿ ದೊರೆಯಲಿ. ಗೋಕಾಕದ ಮಿಸ್ತ್ರಿಯ ಕಣ್ಣು, ಕಿವಿ ಕೊನೆಯವರೆಗೂ ನಿರ್ಮಲವಾಗಿರಲಿ. ತಾನು ಮಾಡದ ತಪ್ಪನ್ನು ಹೊತ್ತು ಬಸ್ಸು ಹತ್ತಿದ ಆ ಜೀವಕ್ಕೆ, ಅದು ಈಗ ಎಲ್ಲಿದೆಯೋ ಅಲ್ಲಿ, ಒಂದು ಮಾತನ್ನು ಎರಡನೆಯ ಸಲ ಹೇಳುವ ಪ್ರಸಂಗ ಬಾರದಿರಲಿ. ನಾಳೆ ಬೆಳಿಗ್ಗೆ ಗೋಕಾಕ, ಮೂಡಲಗಿ, ಹುಕ್ಕೇರಿ ಎಂಬ ಈ ಮೂರು ತಾಲೂಕುಗಳಲ್ಲಿ ಸಿಲಿಂಡರಿನ ಚಾವಿ ತಿರುಗಿಸುವ ಪ್ರತಿಯೊಂದು ಕೈಯೂ ಸಂಜೆ ಮನೆಗೆ ಮರಳಿ, ತನ್ನ ಗಂಗಾಳದಲ್ಲಿ ತಾನೇ ರೊಟ್ಟಿ ಮುರಿಯಲಿ.